ಚಿತ್ರದುರ್ಗ ಸೀಮೆಯ ಬುಡಕಟ್ಟು ತರುಣರೂ ಚಿತ್ರ-ಧ್ವನಿ ಮಾಧ್ಯಮಗಳೂ: ಒಂದು ವಿವೇಚನೆ

೧

ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವುದು ಎಂಬ ಮಾತು ಮೇಲುನೋಟಕ್ಕೆ ಬಹು ಸುಲಭವಾಗಿ ಕಾಣುತ್ತದೆ. ಕಥೆ ತನ್ನದು, ನಾಲಗೆ ತನ್ನದು. ಹೇಳುವುದಕ್ಕೆ ಇನ್ನೇನು ಬೇಕು? ಆದರೆ ಹೇಳುವ ಉಪಕರಣ ಬೇರೊಬ್ಬರದಾಗಿ, ಕೇಳುವ ಸಭೆಯೂ ಬೇರೊಬ್ಬರದಾದಾಗ ಆ ಕಥೆ ಎಷ್ಟರ ಮಟ್ಟಿಗೆ ತನ್ನದಾಗಿ ಉಳಿಯುತ್ತದೆ ಎಂಬುದು ವಿಮರ್ಶೆ ಕೇಳಲೇಬೇಕಾದ ಪ್ರಶ್ನೆ. ಇಂದು ಕುರಿ ಮೇಯಿಸುವ ಹುಡುಗನ ಜೇಬಿನಲ್ಲಿಯೂ ಚಿತ್ರವನ್ನೂ ಧ್ವನಿಯನ್ನೂ ಹಿಡಿದಿಡಬಲ್ಲ ಯಂತ್ರವೊಂದು ಇದೆ. ಯಂತ್ರ ಕೈಗೆ ಬಂದಿತೆಂದ ಮಾತ್ರಕ್ಕೆ ಮಾತೂ ಕೈಗೆ ಬಂದಿತೆನ್ನಬಹುದೇ?

ಈ ಪ್ರಶ್ನೆಯನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಡುಗೊಲ್ಲರ ಹಟ್ಟಿಗಳು, ಬೇಡ ನಾಯಕರ ಊರುಗಳು, ಲಂಬಾಣಿಗಳ ತಾಂಡಗಳು ಈ ಸೀಮೆಯಲ್ಲಿ ಒಂದರ ಮಗ್ಗುಲಲ್ಲಿ ಒಂದಾಗಿ ನೆಲಸಿವೆ. ದನಕುರಿಗಳ ದಾರಿ ತಾಲ್ಲೂಕಿನ ಗಡಿಯನ್ನು ಲೆಕ್ಕಿಸುವುದಿಲ್ಲ. ಆದುದರಿಂದ ವಿಷಯ ಬೇಡಿದಾಗ ನೆರೆಯ ಚಳ್ಳಕೆರೆಗೂ ಶಿರಾ ಸೀಮೆಗೂ ಹೋಗಿಬರಬೇಕಾಗುತ್ತದೆ.

ಬುಡಕಟ್ಟು ಎಂಬ ಶಬ್ದದ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಇಲ್ಲಿ ಅದನ್ನು ಸರಕಾರದ ಪಟ್ಟಿಯ ಅರ್ಥದಲ್ಲಿ ಬಳಸಿಲ್ಲ. ನಾಯಕ ಎಂಬುದರೊಡನೆ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು ೧೯೯೧ರಲ್ಲಿ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ತಮ್ಮನ್ನು ಪಂಗಡಗಳ ಪಟ್ಟಿಗೆ ಸೇರಿಸಬೇಕೆಂಬುದು ಕಾಡುಗೊಲ್ಲರ ಬಹುಕಾಲದ ಬೇಡಿಕೆ. ಪಟ್ಟಿ ಬೇರೆ, ಬಾಳು ಬೇರೆ. ತನ್ನ ದೈವ, ತನ್ನ ವೀರ, ತನ್ನ ಹಾಡು, ತನ್ನ ಕಟ್ಟಳೆ ಇವುಗಳಿಂದ ತಾನು ಒಂದು ಬಳಗವೆಂದು ತಿಳಿದು ಬಾಳಿಕೊಂಡು ಬಂದ ಸಮುದಾಯ ಎಂಬಷ್ಟೇ ಅರ್ಥವನ್ನು ವಾಚಕರು ಇಲ್ಲಿ ಇಟ್ಟುಕೊಳ್ಳಬೇಕು.

೨

ಈ ಸಮುದಾಯಗಳಿಗೆ ಕಥೆ ಹೇಳುವುದನ್ನು ಈಗ ಯಾರೋ ಹೊಸದಾಗಿ ಕಲಿಸಬೇಕಾಗಿದೆ ಎಂದು ಭಾವಿಸುವುದು ತಪ್ಪು. ಕಾವ್ಯವನ್ನು ಓದಿ ಕಲಿಯದಿದ್ದರೂ ಅದರ ಪ್ರಯೋಗದಲ್ಲಿ ಪಳಗಿದ ಜನ ಈ ನಾಡಿನಲ್ಲಿದ್ದರೆಂದು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಆ ಮಾತಿಗೆ ನಮ್ಮ ಕಾಲದ ಸಾಕ್ಷಿ ಬೇಕಾದರೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆದರೆ ಸಾಕು. ಅಕ್ಷರ ಕಲಿಯದ ಈ ಕಾಡುಗೊಲ್ಲ ಹೆಣ್ಣುಮಗಳ ನೆನಪಿನಲ್ಲಿ ಸಾವಿರಾರು ಪದಗಳು ಇದ್ದವು. ಅವುಗಳಲ್ಲಿ ಹಲವನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವವನ್ನು ಸಲ್ಲಿಸಿತು.

ಕಾಡುಗೊಲ್ಲರ ಗಂಡಸರ ಹಾಡಿಕೆಯಲ್ಲಿ ಮುಖ್ಯವಾದದ್ದು ಜುಂಜಪ್ಪನ ಕಥನ. ಜುಂಜಪ್ಪ ದನಗಾಹಿ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಅವನ ಗುಡ್ಡೆ ಇದೆ. ಅವನ ಕಥನಕ್ಕೆ ಒಪ್ಪಿದ ವಾದ್ಯ ಗಣೆ. ಗಣೆಯೆಂದರೆ ಆಳುದ್ದವನ್ನು ನೆನಪಿಗೆ ತರುವ ಬಿದಿರಿನ ನೀಳವಾದ ಕೊಳಲು. ಅದರ ನಾದದಲ್ಲಿ ಸ್ವರದಷ್ಟೇ ಉಸಿರೂ ಕೇಳಿಸುತ್ತದೆ; ಹೊಲದ ಗಾಳಿ ಬಿದಿರುಮೆಳೆಯಲ್ಲಿ ಹೊಕ್ಕು ಹೊರಟಂತೆ ಅದರ ದನಿ. ಗಣೆಗಾರ ಊದಿ ನಿಲ್ಲಿಸುತ್ತಾನೆ, ಪದ ಹೇಳುತ್ತಾನೆ, ಮತ್ತೆ ಊದುತ್ತಾನೆ. ಆ ಬಿಡುವುಗಳಲ್ಲಿಯೇ ಕೇಳುವವರ ಭಕ್ತಿಯೂ ನೆನಪೂ ಬೆರೆಯುತ್ತವೆ. ಅಂತೆಯೇ ಮ್ಯಾಸಬೇಡರಲ್ಲಿ ದೇವರ ಎತ್ತುಗಳಿವೆ, ಅವುಗಳನ್ನು ಕಾಯುವ ಕಿಲಾರಿಗಳಿದ್ದಾರೆ, ಹಬ್ಬಕ್ಕೆ ಉರುಮೆಯ ಬಡಿತವಿದೆ. ಇವೆಲ್ಲವುಗಳಲ್ಲಿ ಕಥೆಯನ್ನು ಆಚರಣೆಯಿಂದ ಬಿಡಿಸಿ ಬೇರೆ ಇಡುವುದು ಸಾಧ್ಯವಿಲ್ಲ.

ಈ ಹೇಳಿಕೆಯ ಲಕ್ಷಣಗಳು ಮೂರು. ಮೊದಲನೆಯದಾಗಿ, ಹೇಳುವವನೂ ಕೇಳುವವನೂ ಒಂದೇ ಬಳಗದವರು; ಆದುದರಿಂದ ವಿವರಣೆ ಬೇಕಿಲ್ಲ. ಎರಡನೆಯದಾಗಿ, ಹೇಳುವುದಕ್ಕೆ ಹೊತ್ತಿದೆ, ತಾಣವಿದೆ. ಕೇಳಬಂದವರ ಅನುಕೂಲಕ್ಕೆ ಅದು ಬದಲಾಗುವುದಿಲ್ಲ. ಮೂರನೆಯದಾಗಿ, ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂಬ ನಿಯಮವಿಲ್ಲ. ಹೇಳದೆ ಉಳಿಸಿಕೊಳ್ಳುವ ಅಧಿಕಾರವೂ ಹೇಳುವ ಅಧಿಕಾರದ ಒಂದು ಭಾಗವೇ ಆಗಿದೆ. ಮುಂದೆ ಹೇಳುವುದೆಲ್ಲಕ್ಕೂ ಈ ಮೂರು ಲಕ್ಷಣಗಳೇ ಅಳತೆಗೋಲು.

೩

ಇನ್ನು ಈ ಸೀಮೆಯನ್ನು ಹೊರಗಿನವರು ಹೇಗೆ ಹೇಳಿದ್ದಾರೆಂಬುದನ್ನು ನೋಡೋಣ. ಮೊದಲು ಬಂದದ್ದು ಪುಸ್ತಕ. ತೀ. ನಂ. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಮೊದಲಾದ ವಿದ್ವಾಂಸರು ಕಾಡುಗೊಲ್ಲರ ಸಂಸ್ಕೃತಿಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ ದಾಖಲಿಸಿದರು. ಅವರ ಶ್ರಮವಿಲ್ಲದಿದ್ದರೆ ನಮ್ಮ ವಿಭಾಗಗಳಲ್ಲಿ ಇಂದು ಇಷ್ಟು ಮಾತೂ ನಡೆಯುತ್ತಿರಲಿಲ್ಲ. ಆದರೆ ಹಾಡು ಅಚ್ಚಿಗೆ ಬಂದಾಗ ಪದ ಉಳಿದು ದನಿ ಹೋಗುತ್ತದೆ ಎಂಬುದನ್ನೂ ಒಪ್ಪಬೇಕು. ಗಣೆಯ ಬಿಡುವು ಪುಟದ ಮೇಲೆ ಖಾಲಿ ಸಾಲಾಗಿಯೂ ಉಳಿಯುವುದಿಲ್ಲ. ಸಂಪಾದಕನ ಹೆಸರು ಮುಖಪುಟಕ್ಕೆ ಬಂದು ಹಾಡಿದವಳ ಹೆಸರು ಅನುಬಂಧಕ್ಕೆ ಸರಿಯುವುದೂ ನಮ್ಮಲ್ಲಿ ಅಪರೂಪವಲ್ಲ. ಸಿರಿಯಜ್ಜಿಯ ಹೆಸರು ನಾಡಿಗೆ ತಿಳಿಯುವಂತಾದುದು ಈ ರೂಢಿಗೆ ಒಂದು ಒಳ್ಳೆಯ ಅಪವಾದ.

ಎರಡನೆಯದು ಚಲನಚಿತ್ರ. ಚಿತ್ರದುರ್ಗವೆಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ೧೯೭೨ರ 'ನಾಗರಹಾವು'. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರದ ಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅದರಲ್ಲಿ ಕೋಟೆಯ ಬಂಡೆಗಳು ಕಂಡಷ್ಟು ಸ್ಪಷ್ಟವಾಗಿ ಕೋಟೆಯ ಸುತ್ತಲಿನ ಹಟ್ಟಿಗಳು ಕಾಣುವುದಿಲ್ಲ. ಬಂಡೆ ಇಲ್ಲಿ ನಾಯಕನ ಮನಸ್ಸಿನ ಕಾಠಿಣ್ಯಕ್ಕೆ ಪ್ರತಿಮೆಯಾಗಿ ನಿಂತಿದೆ; ಅದರ ಮೇಲೆ ಆಡು ಮೇಯಿಸಿದವರು ಆ ಪ್ರತಿಮೆಯ ಹೊರಗೆ ಉಳಿದರು. ಓಬವ್ವನ ಕಥೆಯನ್ನೇ ತೆಗೆದುಕೊಳ್ಳಿ. ಕೋಟೆಯ ಕಾವಲುಗಾರನೊಬ್ಬನ ಹೆಂಡತಿ ಕಿಂಡಿಯಲ್ಲಿ ನುಸುಳಿ ಬಂದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದ ಈ ಕಥೆ ಬಾಯಿಂದ ಬಾಯಿಗೆ ಬಂದದ್ದು. ಚಿತ್ರದಲ್ಲಿ ಅದು ಹಾಡಿನೊಡನೆ ಜಯಂತಿಯವರ ಅಭಿನಯದಲ್ಲಿ ಬರುತ್ತದೆ. ನಾಡಿನ ಮಕ್ಕಳಿಗೆಲ್ಲ ಅದೇ ಓಬವ್ವನ ರೂಪವಾಯಿತು. ದುಡಿಯುವ ಹೆಂಗಸಿನ ಕಥೆ ನಾಡಿನ ಹೆಮ್ಮೆಯ ಕಥೆಯಾದಾಗ ಪ್ರಸಾರ ದೊಡ್ಡದಾಯಿತು. ಆದರೆ ಅವಳ ಕುಲದವರು ಅದನ್ನು ಹೇಳುವ ಬಗೆ ಯಾವುದೆಂದು ಕೇಳುವ ಅಗತ್ಯವೇ ಯಾರಿಗೂ ತೋರದಂತಾಯಿತು. ಬಿ. ಎಲ್. ವೇಣು ಅವರ ಕಾದಂಬರಿಯನ್ನು ಆಧರಿಸಿ ಟಿ. ಎಸ್. ನಾಗಾಭರಣರು ೨೦೦೬ರಲ್ಲಿ ತೆಗೆದ 'ಕಲ್ಲರಳಿ ಹೂವಾಗಿ' ಚಿತ್ರವೂ ದುರ್ಗದ ಚರಿತ್ರೆಯನ್ನೇ ನೆಚ್ಚಿಕೊಂಡಿದೆ. ಕೋಟೆಯ ಪತನ ೧೭೭೯ರಲ್ಲಿ ಮುಗಿದ ಸಂಗತಿ. ಆ ಪಾಳೆಯಗಾರರ ಕುಲಬಾಂಧವರು ಆ ಬಳಿಕ ಹೇಗೆ ಬಾಳಿದರೆಂಬುದಕ್ಕೆ ನಮ್ಮ ಚಿತ್ರರಂಗ ಹೆಚ್ಚಾಗಿ ಗಮನ ಕೊಡಲಿಲ್ಲ.

ಧ್ವನಿಯ ವಿಷಯದಲ್ಲಿ ಒಂದು ಘಟನೆ ಬಹಳ ಬೋಧಪ್ರದವಾಗಿದೆ. ಸಾಗರ್ ಪುರಾಣಿಕರು ನಿರ್ದೇಶಿಸಿದ 'ಡೊಳ್ಳು' ಚಿತ್ರಕ್ಕೆ ೨೦೨೨ರಲ್ಲಿ ಘೋಷಿತವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂಬ ಮನ್ನಣೆಯೊಡನೆ, ಚಿತ್ರೀಕರಣದ ಸ್ಥಳದಲ್ಲಿಯೇ ಧ್ವನಿಯನ್ನು ಮುದ್ರಿಸಿದ ಕೌಶಲಕ್ಕಾಗಿಯೂ ಬಹುಮಾನ ಬಂದಿತು. ಒಡನೆಯೇ ಆ ಚಿತ್ರದ ಧ್ವನಿವಿನ್ಯಾಸಕರಾದ ನಿತಿನ್ ಲೂಕೋಸರು, ಅದು ಸ್ಥಳದಲ್ಲಿ ಧ್ವನಿ ಮುದ್ರಿಸಿದ ಚಿತ್ರವಲ್ಲ, ಡಬ್ ಮಾಡಿದ್ದೆಂದು ಬಹಿರಂಗವಾಗಿ ತಿಳಿಸಿದರು. ಚಿತ್ರದ ಯೋಗ್ಯತೆಗೆ ಇದರಿಂದ ಕುಂದೇನೂ ಇಲ್ಲ. ಕನ್ನಡದ ಬಹುಪಾಲು ಚಿತ್ರಗಳು ಡಬ್ ಆದವುಗಳೇ. ಆದರೆ ಹಾಲುಮತದವರ ಬೀರಲಿಂಗನ ಮುಂದೆ ಬಡಿಯುವ ಡೊಳ್ಳನ್ನು ಕುರಿತ ಚಿತ್ರದಲ್ಲಿ ಯಾವ ದನಿ ಎಲ್ಲಿ ಹುಟ್ಟಿತೆಂಬುದು ತೀರ್ಪುಗಾರರ ಕಿವಿಗೆ ತಿಳಿಯಲಿಲ್ಲ. ಜನಪದದ ದನಿಯನ್ನು ಮೆಚ್ಚುವ ಅಭ್ಯಾಸ ನಮಗಿದೆ. ಅದನ್ನು ಗುರುತಿಸುವ ಅಭ್ಯಾಸ ಇನ್ನೂ ಆಗಬೇಕಾಗಿದೆ. ಅದೇ ವರ್ಷದ 'ಕಾಂತಾರ'ದ ಅನಂತರ ದೈವದ ಕೂಗನ್ನು ಜನ ವೇದಿಕೆಗಳಲ್ಲಿ ಅನುಕರಿಸತೊಡಗಿದಾಗ ತುಳುನಾಡಿನ ದೈವಾರಾಧಕರು ಆಕ್ಷೇಪಿಸಿದ್ದೂ ಈ ಮಾತನ್ನೇ ಇನ್ನೊಂದು ಬಗೆಯಿಂದ ತೋರಿಸುತ್ತದೆ. ತಾಣದಿಂದ ಬಿಡಿಸಿದ ದನಿ ಬಲುಬೇಗ ಆಟದ ವಸ್ತುವಾಗುತ್ತದೆ.

ಮೂರನೆಯದು ದೂರದರ್ಶನದ ವಾಹಿನಿಗಳ ಕ್ಯಾಮರಾ. ಕಾಡುಗೊಲ್ಲರ ಬಳಿಗೆ ಅದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ. ಒಂದು, ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ನಡೆಯುವ ಕ್ಯಾತಪ್ಪನ ಜಾತ್ರೆಯಲ್ಲಿ, ಬಾರೆಮುಳ್ಳಿನ ಗುಡಿಯನ್ನು ಭಕ್ತರು ಬರಿಗಾಲಿನಲ್ಲಿ ಏರಿ ಕಲಶವನ್ನು ಇಳಿಸುವಾಗ. ಇನ್ನೊಂದು, ಮುಟ್ಟಾದ ಹೆಂಗಸನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿರಿಸುವ ಕಟ್ಟಳೆಯಿಂದ ಅನಾಹುತವಾದಾಗ. ಒಂದರಲ್ಲಿ ಬೆರಗು, ಇನ್ನೊಂದರಲ್ಲಿ ಧಿಕ್ಕಾರ. ಮುಳ್ಳಿನ ಗುಡಿಗೂ ಹೊರಗಿನ ಗುಡಿಸಲಿಗೂ ನಡುವೆ ವರ್ಷವಿಡೀ ನಡೆಯುವ ಬಾಳು, ಅಂದರೆ ಕುರಿಗೆ ಮೇವಿಲ್ಲದ ಚಿಂತೆ, ಹುಡುಗಿಯ ಕಾಲೇಜು, ಬೆಂಗಳೂರಿಗೆ ದುಡಿಯಹೋದ ತಮ್ಮ, ಇವು ಚಿತ್ರಕ್ಕೆ ವಸ್ತುವಾಗುವುದಿಲ್ಲ.

೪

ಹಾಗಾದರೆ ಒಳಗಿನವರ ಕೈಗೆ ಕ್ಯಾಮರಾ ಬಂದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಮೊದಲಿಗರು ಸೋಲ್ ವರ್ತ್ ಮತ್ತು ಜಾನ್ ಅಡೇರ್. ಇವರು ೧೯೬೬ರಲ್ಲಿ ಅಮೆರಿಕದ ಅರಿಜೋನಾ ಸಂಸ್ಥಾನದ ಪೈನ್ ಸ್ಪ್ರಿಂಗ್ಸ್ ಎಂಬಲ್ಲಿ ನವಾಹೋ ಬುಡಕಟ್ಟಿನ ಕೆಲವು ಯುವಜನರಿಗೆ ಕ್ಯಾಮರಾ ಬಳಸುವುದನ್ನು ಕಲಿಸಿ, ಏನನ್ನು ತೆಗೆಯಬೇಕೆಂಬುದನ್ನು ಅವರಿಗೇ ಬಿಟ್ಟರು. ಆರಂಭದಲ್ಲಿಯೇ ಆ ಊರಿನ ಹಿರಿಯ ವೈದ್ಯನೊಬ್ಬನ ಒಪ್ಪಿಗೆ ಬೇಕಾಯಿತು. ಚಿತ್ರ ತೆಗೆದರೆ ಕುರಿಗಳಿಗೆ ಕೆಡುಕಾಗುವುದೇ ಎಂದು ಆತ ಕೇಳಿದ. ಇಲ್ಲವೆಂದರು. ಒಳಿತಾಗುವುದೇ ಎಂದು ಕೇಳಿದ. ಹಾಗೂ ಇಲ್ಲವೆಂದರು. ಮತ್ತೆ ಏತಕ್ಕೆ ತೆಗೆಯಬೇಕೆಂಬುದು ಆತನ ಮೂರನೆಯ ಪ್ರಶ್ನೆಯಾಗಿತ್ತು. ಆ ಸಂಶೋಧಕರನ್ನು ಈ ಪ್ರಶ್ನೆ ಬಹುಕಾಲ ಕಾಡಿತು. ನಮ್ಮ ಹಿರಿಯೂರು ಸೀಮೆಯ ಗೊಲ್ಲರಹಟ್ಟಿಯ ಯಜಮಾನನ ಬಾಯಿಂದಲೂ ಇದೇ ಮಾತು ಬರಬಹುದಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಕುರಿಯೇ ಬಾಳಿನ ನಡುಗಂಬವಾಗಿರುವವನಿಗೆ ಎಲ್ಲ ವಿದ್ಯೆಯನ್ನೂ ಕುರಿಯ ಒಳಿತಿನಿಂದ ಅಳೆಯುವ ಹಕ್ಕಿದೆ.

ಆ ಪ್ರಯೋಗದ ಫಲವೂ ಗಮನಾರ್ಹವಾಗಿತ್ತು. ನೇಯ್ಗೆಯನ್ನು ಕುರಿತು ತೆಗೆದ ಚಿತ್ರವೊಂದರಲ್ಲಿ ಮಗ್ಗದ ಮುಂದಿನ ಕೆಲಸಕ್ಕಿಂತ ಕುರಿ ಕಾಯುವುದು, ಬಣ್ಣಕ್ಕೆ ಬೇರು ಹುಡುಕುವುದು, ಉಣ್ಣೆ ಹದಗೊಳಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು, ಇವೇ ಬಹುಭಾಗವನ್ನು ತುಂಬಿದ್ದವು. ಹೊರಗಿನ ಪ್ರೇಕ್ಷಕನಿಗೆ ಈ ನಡಿಗೆ ಬೇಸರ ತರಬಹುದು. ಅವರಿಗೆ ನಡಿಗೆಯೇ ಕಥೆಯ ಶರೀರ. ಮುಖವನ್ನು ಹತ್ತಿರದಿಂದ ತೋರಿಸುವುದನ್ನು ಅವರು ಸಾಮಾನ್ಯವಾಗಿ ಬಯಸಲಿಲ್ಲ. ವಸ್ತುವಿನ ಆಯ್ಕೆಯಷ್ಟೇ ಅಲ್ಲದೆ ಕಾಲವನ್ನು ಹಿಡಿಯುವ ಬಗೆಯೂ ಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗಬಲ್ಲುದೆಂಬುದು ಇದರಿಂದ ಸ್ಪಷ್ಟವಾಯಿತು. ಆದರೂ ಈ ಪ್ರಯೋಗಕ್ಕೆ ಒಂದು ಮಿತಿ ಇತ್ತು: ಪ್ರಶ್ನೆ ವಿದ್ವಾಂಸರದು, ಪುಸ್ತಕವೂ ವಿದ್ವಾಂಸರದು. ಕಲಿತವರು ಅಲ್ಲಿಯೇ ನೆಲೆನಿಂತು ಚಿತ್ರ ತೆಗೆಯುವ ಸಂಪ್ರದಾಯ ಅದರಿಂದ ಬೆಳೆಯಲಿಲ್ಲ.

ಸಂಪ್ರದಾಯ ಬೆಳೆದದ್ದಕ್ಕೆ ಉತ್ತರ ಧ್ರುವದ ಇನ್ಯೂಟರು ನಿದರ್ಶನ. ೧೯೨೨ರಲ್ಲಿ ರಾಬರ್ಟ್ ಫ್ಲಾಹರ್ಟಿ ಅವರನ್ನು ಕುರಿತು 'ನಾನೂಕ್' ಚಿತ್ರವನ್ನು ತೆಗೆದಾಗ, ಬಂದೂಕು ಬಲ್ಲವರನ್ನು ಈಟಿಯಿಂದ ಬೇಟೆಯಾಡಿಸಿದ. ಬೆಳಕಿಗಾಗಿ ಮಂಜಿನ ಮನೆಯ ಒಂದು ಭಾಗವನ್ನೇ ತೆಗೆಸಿದ. ಸುಮಾರು ಎಂಬತ್ತು ವರ್ಷಗಳ ಬಳಿಕ, ೨೦೦೧ರಲ್ಲಿ, ಅದೇ ಜನಾಂಗದ ಜಕಾರಿಯಸ್ ಕುನುಕ್ ತಮ್ಮ ಪುರಾಣಕಥೆಯೊಂದನ್ನು 'ಅಟನಾರ್ಜುವಾಟ್' ಎಂಬ ಚಿತ್ರವಾಗಿ ತಮ್ಮ ಭಾಷೆಯಲ್ಲಿಯೇ ತೆಗೆದರು. ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಥಮ ಚಿತ್ರದ ಪ್ರಶಸ್ತಿ ದೊರೆಯಿತು. ನಮ್ಮ ದೇಶದಲ್ಲಿ ರಾಂಚಿಯ ಬಿಜು ಟೊಪ್ಪೊ ಅವರು ಮೇಘನಾಥರೊಡನೆ ಕೂಡಿ ಜಾರ್ಖಂಡದ ಆದಿವಾಸಿಗಳ ಭೂಮಿ, ಗಣಿ, ಬೇಸಾಯ ಇವುಗಳನ್ನು ಕುರಿತು ಸಾಕ್ಷ್ಯಚಿತ್ರಗಳನ್ನು ತೆಗೆದಿದ್ದಾರೆ. ಅವರ ತಾಯ್ನುಡಿಯಾದ ಕುಡುಖ್ ಕನ್ನಡದಂತೆಯೇ ದ್ರಾವಿಡ ವರ್ಗದ್ದು ಎಂಬುದು ನಮಗೆ ವಿಶೇಷ ಆಸಕ್ತಿಯ ಸಂಗತಿ. ಕರ್ನಾಟಕದಲ್ಲಿ ೧೯೮೦ರ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆಯವರು ಮಂಚಿಕೇರಿ ಕಡೆಯ ಸಿದ್ದಿಗಳಿಂದ, ಆಫ್ರಿಕದ ಅಚೆಬೆಯ ಕಾದಂಬರಿಯ ರಂಗರೂಪವನ್ನು ಆಡಿಸಿದರು. ಆ ಸಮುದಾಯದ ನಟರು ಮುಂದೆ ಕನ್ನಡ ಚಿತ್ರಗಳಲ್ಲಿ ಪಾತ್ರ ವಹಿಸಿದರು. ಆದರೆ ಪಾತ್ರ ವಹಿಸುವುದೇ ಬೇರೆ, ಪಾತ್ರವನ್ನು ಬರೆಯುವುದೇ ಬೇರೆ. ಅಭಿನಯದಿಂದ ಕರ್ತೃತ್ವಕ್ಕೆ ಹೋಗುವ ಮೆಟ್ಟಿಲು ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಕಟ್ಟಿಲ್ಲ.

೫

ಈ ಸೀಮೆಯ ಮಟ್ಟಿಗೆ ಚಿತ್ರಕ್ಕಿಂತ ಮೊದಲು ಧ್ವನಿಯಿಂದ ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಎರಡು ಕಾರಣಗಳಿವೆ. ಇಲ್ಲಿನ ಪರಂಪರೆಯೇ ಕಿವಿಯದು. ಗಣೆ, ಉರುಮೆ, ಹೆಂಗಸರ ಪದ ಇವುಗಳನ್ನು ಬಲ್ಲ ಕಿವಿಗಳು ಇನ್ನೂ ಹಟ್ಟಿಗಳಲ್ಲಿವೆ. ಅಲ್ಲದೆ ಧ್ವನಿಗೆ ಖರ್ಚು ಕಡಮೆ. ಮುಖ ತೋರಿಸಲೊಲ್ಲದವರೂ ಮಾತನಾಡಬಹುದು. ಮುಂದೆ ಹೇಳಲಿರುವ ವಿಷಯಕ್ಕೆ ಈ ಎರಡನೆಯ ಕಾರಣ ಬಹಳ ಮುಖ್ಯವಾದದ್ದು.

ಆನಂದವರ್ಧನನು ಕಾವ್ಯದ ಆತ್ಮವನ್ನು ಧ್ವನಿ ಎಂದು ಕರೆದಾಗ, ಗಂಟೆಯ ನಾದ ನಿಂತ ಮೇಲೆಯೂ ಉಳಿಯುವ ಅನುರಣನವನ್ನು ಉಪಮೆಯಾಗಿ ತಂದನು. ಕಾವ್ಯಮೀಮಾಂಸೆಯ ಪಾಠದಲ್ಲಿ ನಾವು ಈ ಉಪಮೆಯನ್ನು ಅರ್ಥದ ಕಡೆಗೆ ತಿರುಗಿಸಿ ನಾದವನ್ನು ಮರೆಯುತ್ತೇವೆ. ಗಣೆಯ ವಿಷಯದಲ್ಲಿ ಹಾಗೆ ಮರೆಯಲಾಗದು. ಇಂದಿನ ಫೋನುಗಳು ಮುಖ್ಯವಾಗಿ ಮಾತನ್ನು ಹಿಡಿಯಲು ರಚಿತವಾದವು. ಒಂದೇ ಸಮನಾಗಿ ಮುಂದುವರಿಯುವ ನಾದವನ್ನೂ ಉಸಿರಿನ ಸುಯ್ಲನ್ನೂ ಗದ್ದಲವೆಂದು ಎಣಿಸಿ ಅವು ಅಡಗಿಸಿಬಿಡಬಲ್ಲವು. ಗಣೆಯ ಜೀವವೆಲ್ಲ ಇರುವುದು ಆ ಉಸಿರಿನಲ್ಲಿ. ಯಂತ್ರಕ್ಕೆ ಯಾವುದು ಗದ್ದಲವೋ ಹಟ್ಟಿಗೆ ಅದು ಜುಂಜಪ್ಪನ ಸಾನ್ನಿಧ್ಯ. ಆದುದರಿಂದ ಧ್ವನಿಮುದ್ರಣದ ಶಿಕ್ಷಣವೆಂದರೆ ಯಂತ್ರದ ಗುಂಡಿಗಳ ಪರಿಚಯ ಮಾತ್ರವಲ್ಲ. ಯಾವ ದನಿಯನ್ನು ಕಾಪಾಡಬೇಕೆಂಬ ವಿವೇಕವೂ ಹೌದು. ಆ ವಿವೇಕವನ್ನು ಗಣೆಗಾರನ ಮೊಮ್ಮಗ ನಮ್ಮಿಂದ ಕಲಿಯಬೇಕಾಗಿಲ್ಲ.

ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪು ನೀಡಿತು. ಸಮುದಾಯ ಬಾನುಲಿಗೆ ಮೊದಲು ವಿದ್ಯಾಸಂಸ್ಥೆಗಳಿಗೂ, ೨೦೦೬ರ ನೀತಿಯಂತೆ ಸೇವಾಸಂಸ್ಥೆಗಳಿಗೂ ಅವಕಾಶ ದೊರೆಯಿತು. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಕೇಂದ್ರದವರು, ಪರವಾನಗಿಯಿಲ್ಲದ ಆ ದಿನಗಳಲ್ಲಿ, ತಮ್ಮ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲಪಿಸಿದ್ದರು. ಸರಗೂರಿನ 'ಜನಧ್ವನಿ' ೨೦೧೨ರಿಂದ ಕಾಡಂಚಿನ ಗಿರಿಜನರನ್ನೂ ಒಳಗೊಂಡು ನಡೆದ ಕೇಂದ್ರ. ಇಂಥ ಕೇಂದ್ರಗಳು ಸ್ವಂತ ವಾರ್ತೆಯನ್ನು ಬಿತ್ತರಿಸುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಮಾತ್ರ ಮರುಪ್ರಸಾರ ಮಾಡಬಹುದೆಂಬುದು ನಿಯಮ. ಹಾಡು ಹೇಳಬಹುದು, ಊರಿನ ಸುದ್ದಿ ಹೇಳಬಾರದು! ತನ್ನ ಕಥೆಯನ್ನು ಹೇಳುವ ಸ್ವಾತಂತ್ರ್ಯಕ್ಕೆ ನಮ್ಮಲ್ಲಿ ಇರುವ ಬೇಲಿ ಯಾವುದೆಂಬುದು ಇದರಿಂದ ತಿಳಿಯುತ್ತದೆ.

೬

ಇಷ್ಟರವರೆಗೆ ಒಳಗು ಮತ್ತು ಹೊರಗು ಎಂದು ಎರಡೇ ಪಕ್ಷಗಳಿರುವಂತೆ ವಾದಿಸಿದ್ದಾಯಿತು. ಆದರೆ ಒಳಗು ಎಂಬುದು ಒಂದೇ ದನಿಯದಲ್ಲ. ಕಠಿಣವಾದ ಪ್ರಶ್ನೆ ಇಲ್ಲಿಯೇ ಇದೆ.

೨೦೨೩ರಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಕಟ್ಟಳೆಯಂತೆ ಊರ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆಚಳಿಗೆ ಸಿಕ್ಕಿ ತೀರಿಕೊಂಡಿತು. ನಾಡೆಲ್ಲ ಮರುಗಿತು, ವಾಹಿನಿಗಳ ಕ್ಯಾಮರಾಗಳು ಹೋದವು. ಈ ಕಟ್ಟಳೆಯನ್ನು ಸಮರ್ಥಿಸುವುದು ಯಾವ ವಿಚಾರವಂತನಿಗೂ ಸಾಧ್ಯವಿಲ್ಲ. ಆದರೆ ನಮ್ಮ ಪ್ರಶ್ನೆ ಇದು: ಹಟ್ಟಿಯ ಹುಡುಗಿಯೊಬ್ಬಳು, ತಿಂಗಳಿಗೆ ಮೂರು ದಿನ ತಾನು ಹೊರಗೆ ಕುಳಿತಾಗ ಕೇಳಿಸುವ ಮಳೆಯ ದನಿಯನ್ನು, ಒಳಗಿನಿಂದ ಬರುವ ತನ್ನ ಅಜ್ಜಿಯ ಪದವನ್ನು ಮುದ್ರಿಸಿಕೊಂಡು ಕೇಳಿಸಿದರೆ, ಅದು ಯಾರ ಕಥೆ? ಯಜಮಾನರು ಅದು ಹಟ್ಟಿಯ ಮಾನ ಕಳೆಯುವ ಕಥೆ ಎಂದಾರು. ಹೊರಗಿನವರು ಅದನ್ನು ತಮ್ಮ ಧಿಕ್ಕಾರಕ್ಕೆ ಸಾಕ್ಷಿಯಾಗಿ ಎತ್ತಿಕೊಂಡಾರು. ಹುಡುಗಿಗೆ ಹೇಳಬೇಕಾದದ್ದು ಈ ಎರಡರಲ್ಲಿ ಯಾವುದೂ ಆಗಿರಲಾರದು. ಆಕೆಗೆ ಆ ಅಜ್ಜಿಯ ಮೇಲೆ ಪ್ರೀತಿಯೂ ಇರಬಹುದು, ಆ ಗುಡಿಸಲಿನ ಮೇಲೆ ಸಿಟ್ಟೂ ಇರಬಹುದು. ಎರಡೂ ಒಂದೇ ಹಾಡಿನಲ್ಲಿ ಸೇರಬಹುದು. ಈ ಬಗೆಯ ಬೆರಕೆಯನ್ನು ಹೊರಗಿನ ಕ್ಯಾಮರಾ ಹಿಡಿಯಲಾರದೆಂಬುದೇ ಒಳಗಿನ ಹೇಳಿಕೆಗೆ ಇರುವ ಮುಖ್ಯವಾದ ಸಮರ್ಥನೆ.

ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ಪರಿಶಿಷ್ಟ ಪಂಗಡವೆಂದು ಗುರುತಿಸುವುದಕ್ಕೆ ೧೯೬೫ರ ಲೋಕೂರ್ ಸಮಿತಿ ಸೂಚಿಸಿದ ಲಕ್ಷಣಗಳಲ್ಲಿ ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಪ್ರತ್ಯೇಕ ವಾಸ, ಹಿಂದುಳಿದಿರುವಿಕೆ ಇವುಗಳೊಡನೆ ಹೊರಗಿನವರೊಡನೆ ಬೆರೆಯಲು ಸಂಕೋಚವೂ ಒಂದು. ಪಟ್ಟಿಗೆ ಸೇರಬೇಕೆಂದು ಕೇಳುವ ಸಮುದಾಯ ತನ್ನ ಹಳೆಯ ಕಟ್ಟಳೆಗಳನ್ನು ಮುಂದೆ ಮಾಡಿ ತೋರಿಸಬೇಕು. ಅದೇ ಕಟ್ಟಳೆಗಳಿಗಾಗಿ ವಾಹಿನಿಗಳ ಮುಂದೆ ತಲೆ ತಗ್ಗಿಸಬೇಕು. ಧೈರ್ಯದಿಂದ ಕ್ಯಾಮರಾ ಹಿಡಿದು ನಿಂತ ತರುಣ ಈ ಲಕ್ಷಣಪಟ್ಟಿಗೆ ಹೊಂದುವುದೇ ಇಲ್ಲ. ಹೀಗಾಗಿ ಅವನ ಚಿತ್ರದಲ್ಲಿ ಯಾವುದು ಬರಬೇಕು, ಯಾವುದು ಬರಬಾರದು ಎಂಬುದು ಕಲೆಯ ಪ್ರಶ್ನೆಯಾಗುವ ಮೊದಲೇ ಅನ್ನದ ಪ್ರಶ್ನೆಯಾಗುತ್ತದೆ. ಸರಕಾರಿ ಕೆಲಸ, ವಿದ್ಯಾರ್ಥಿವೇತನ, ವಸತಿನಿಲಯದ ಜಾಗ ಎಲ್ಲವೂ ಈ ಗುರುತಿಗೆ ಅಂಟಿಕೊಂಡಿರುವಾಗ, ಒಬ್ಬ ತರುಣ ನಿಸ್ಸಂಕೋಚವಾಗಿ ತನ್ನನ್ನು ಹೇಳಿಕೊಳ್ಳಲಿ ಎಂದು ದೂರದಿಂದ ಹುರಿದುಂಬಿಸುವುದು ಸುಲಭ. ಆ ಮಾತಿನ ಬೆಲೆಯನ್ನು ತೆರುವವನು ಅವನು.

ಹೊರಗಿನವನಿಗೆ ಇರುವ ದೂರವೇ ಅವನಿಗೆ ನ್ಯಾಯದೃಷ್ಟಿಯನ್ನು ಕೊಡುತ್ತದೆ, ಒಳಗಿನವನು ತನ್ನವರನ್ನು ಹೊಗಳದೆ ಬಿಡಲಾರ ಎಂಬ ಆಕ್ಷೇಪವನ್ನೂ ಇಲ್ಲಿ ಪರಿಶೀಲಿಸಬೇಕು. ಅದರಲ್ಲಿ ಅರ್ಧ ಸತ್ಯವಿದೆ. ತ. ರಾ. ಸು. ಅವರು ದುರ್ಗದ ನಾಯಕರ ಕುಲದವರಲ್ಲ. ಆದರೂ 'ದುರ್ಗಾಸ್ತಮಾನ'ವನ್ನು ಬರೆಯಲು ಅವರಿಗೆ ಪ್ರೀತಿಯೂ ಪರಿಶ್ರಮವೂ ಸಾಲದಾಗಲಿಲ್ಲ. ಆ ಕೃತಿಗೆ ೧೯೮೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ಬಂದಿತು. ಹೊರಗಿನವರು ಬರೆಯಬಾರದೆಂದು ಯಾರೂ ಹೇಳುತ್ತಿಲ್ಲ. ಹೊರಗಿನವರದೇ ಕೊನೆಯ ಮಾತಾಗಬಾರದೆಂದಷ್ಟೇ ವಾದ. ಇನ್ನು ಒಳಗಿನವರು ವಿಮರ್ಶಿಸಲಾರರೆಂಬುದು ಜನಪದವನ್ನು ಅರಿಯದ ಮಾತು. ತವರು, ಅತ್ತೆಮನೆ, ಅಣ್ಣನ ಅಲಕ್ಷ್ಯ, ಗಂಡನ ಗರ್ವ ಇವುಗಳನ್ನು ನಮ್ಮ ಹೆಂಗಸರ ಪದಗಳು ಟೀಕಿಸಿದಷ್ಟು ತೀಕ್ಷ್ಣವಾಗಿ ಯಾವ ಸುಧಾರಕರೂ ಟೀಕಿಸಿಲ್ಲ. ರಾಗಿ ಬೀಸುವ ಕಲ್ಲಿನ ಮುಂದೆ ಆ ಟೀಕೆಗೆ ಎಡೆಯಿತ್ತು. ಕಲ್ಲು ಹೋಗಿ ಗಿರಣಿ ಬಂದಿತು. ಆ ಎಡೆ ಬೇರೆಲ್ಲಿಯೂ ಹುಟ್ಟಲಿಲ್ಲ. ಮೈಕು ಆ ಎಡೆಯಾಗುವುದಾದರೆ ಅದನ್ನು ಹೊಸ ವಸ್ತುವೆಂದು ಯಾರೂ ಹೆದರಬೇಕಾಗಿಲ್ಲ.

೭

ಇಷ್ಟು ವಿವೇಚನೆಯಿಂದ ವಿಮರ್ಶೆಗೆ ಒದಗುವ ಒರೆಗಲ್ಲುಗಳನ್ನು ಹೀಗೆ ಹೇಳಬಹುದು. ಚಿತ್ರವನ್ನೋ ಮುದ್ರಿಕೆಯನ್ನೋ ಮುಂದಿಟ್ಟುಕೊಂಡಾಗ, ತೆಗೆದವನು ಯಾವ ಜಾತಿಯವನೆಂದು ಕೇಳಿ ಸುಮ್ಮನಾದರೆ ಸಾಲದು. ಅದರ ಕಾಲಗತಿ ಯಾರ ಬಾಳಿನದು? ಅದರ ನುಡಿ ಹಟ್ಟಿಯ ನುಡಿಯೋ, ಪಟ್ಟಣದ ಕಿವಿಗೆ ತಿದ್ದಿದ ನುಡಿಯೋ? ಹೇಳದೆ ಬಿಟ್ಟದ್ದನ್ನು ಬಿಡುವ ನಿರ್ಧಾರ ಯಾರದು? ಹಟ್ಟಿಯಲ್ಲಿ ಮಾತಿಗೆ ಎಡೆಯಿಲ್ಲದವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಅದರಲ್ಲಿ ಎಡೆ ದೊರೆತಿದೆಯೇ? ಕೊನೆಯದಾಗಿ, ಅದರ ಪ್ರತಿ ಎಲ್ಲಿ ಉಳಿಯಿತು?

ಈ ಕೊನೆಯ ಪ್ರಶ್ನೆ ನಮ್ಮ ವಿಭಾಗಗಳನ್ನೇ ಮುಟ್ಟುತ್ತದೆ. ಕ್ಷೇತ್ರಕಾರ್ಯದ ಹೆಸರಿನಲ್ಲಿ ಹಟ್ಟಿಗಳಿಂದ ತಂದ ಧ್ವನಿಸುರುಳಿಗಳು ವಿಶ್ವವಿದ್ಯಾಲಯಗಳ ಬೀರುಗಳಲ್ಲಿಯೂ ಅಧ್ಯಾಪಕರ ಮನೆಗಳಲ್ಲಿಯೂ ಕುಳಿತಿವೆ. ಪ್ರಬಂಧ ಒಪ್ಪಿತವಾಯಿತು, ಪದವಿ ಬಂದಿತು. ಹಾಡಿದವರ ಮೊಮ್ಮಕ್ಕಳಿಗೆ ಆ ದನಿ ಮರಳಿ ಕೇಳಿಸಲಿಲ್ಲ. ಹಳೆಯ ಸುರುಳಿ ದಿನದಿನಕ್ಕೆ ಕೆಡುತ್ತದೆ. ಅವುಗಳನ್ನು ಹೊಸ ರೂಪಕ್ಕೆ ಇಳಿಸಿ, ಹಾಡಿದವರ ಹೆಸರಿನೊಡನೆ, ಆಯಾ ಹಟ್ಟಿಗೆ ಒಂದು ಪ್ರತಿಯನ್ನು ಹಿಂದಿರುಗಿಸುವುದು ಯಾವ ಸಿದ್ಧಾಂತಕ್ಕಿಂತಲೂ ಮೊದಲು ಆಗಬೇಕಾದ ಕೆಲಸ. ತನ್ನ ಮುತ್ತಜ್ಜಿಯ ದನಿಯನ್ನು ಕೇಳಿದ ಹುಡುಗನಿಗೆ ತಾನು ಯಾವುದನ್ನು ಮುದ್ರಿಸಬೇಕೆಂಬುದನ್ನು ಬೇರೆಯವರು ಹೇಳಬೇಕಾಗಿ ಬರುವುದಿಲ್ಲ.

ಈ ಸೀಮೆಯ ಕಾಲೇಜುಗಳಲ್ಲಿ ಪಾಠ ಹೇಳುವವರ ಮುಂದೆ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಹಟ್ಟಿಯಿಂದ, ತಾಂಡದಿಂದ, ನಾಯಕರ ಕೇರಿಯಿಂದ ಬಂದವರು ಅನೇಕರು. ಅವರಿಗೆ ನಾವು ಜನಪದ ಸಾಹಿತ್ಯವನ್ನು ಒಂದು ಪತ್ರಿಕೆಯಾಗಿ ಬೋಧಿಸುತ್ತೇವೆ. ಅವರ ಮನೆಯ ಮಾತನ್ನೇ ಅವರು ಪರೀಕ್ಷೆಗೆಂದು ಪುಸ್ತಕದಿಂದ ಉರುಹಚ್ಚುತ್ತಾರೆ. ವರ್ಷಕ್ಕೆ ಒಂದು ಸಲವಾದರೂ ಆ ವಿದ್ಯಾರ್ಥಿ ತಾನು ತಂದ ಒಂದು ದನಿಯನ್ನು ತರಗತಿಯಲ್ಲಿ ಕೇಳಿಸಿ, ಅದನ್ನು ಏಕೆ ತಂದೆನೆಂದು ತನ್ನ ನುಡಿಯಲ್ಲಿಯೇ ಹೇಳುವಂತಾಗಲಿ. ಏತಕ್ಕೆ ಎಂಬ ಆ ನವಾಹೋ ಹಿರಿಯನ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೇ. ನಾವು ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಕುಳಿತು ಕೇಳಿದರೆ ಸಾಕು.